ಒಂದೇ ಬೈಕು, ಮೂರು ಬ್ಯಾಟರಿ

ಸೆಲ್ಫ್ ಒತ್ತಿದರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಹಾರ್ನ್ ನೆಗಡಿ ಹಿಡಿದವರ ಹಾಗೆ ಕೂಗುತ್ತದೆ. ನನ್ನ ಬೈಕಿಗೆ ಕಿಕ್ಕರ್ ಇಲ್ಲ, ಬ್ಯಾಟರಿ ಕೈಕೊಟ್ಟರೆ ತಳ್ಳಬೇಕು. ಹೀಗೆ ತಳ್ಳಿ ತಳ್ಳಿ ಸಾಕಾಗಿ, ಈ ಒಂದೇ ಬೈಕಿಗೆ ಮೂರು ಥರದ ಬ್ಯಾಟರಿ ಹಾಕಿ ನೋಡಿದ್ದೇನೆ. ಮೊದಲು ನೀರು ಹಾಕುವ ಹಳೇ ಥರದ್ದು, ಆಮೇಲೆ ನೀರು ಬೇಡದ ಎಜಿಎಂ, ಕೊನೆಗೆ ಲಿಥಿಯಂ. ಜೆಲ್ ಬ್ಯಾಟರಿ ನಾನು ಹಾಕಿಲ್ಲ, ಅದರ ಮಾತು ಬಿಡೋಣ.

ನೀರಿನ ಬ್ಯಾಟರಿ ಮೂರರಲ್ಲಿ ಅಗ್ಗ. ಸೀಸ ಮತ್ತು ಆಸಿಡ್‌ನ ಈ ಜೋಡಿ 1859ರಿಂದಲೂ ಇದೆ, ಗುಣವೆಲ್ಲ ಎಲ್ಲರಿಗೂ ಗೊತ್ತು. ನನ್ನದು ಒಣಗಿದ ಸ್ಥಿತಿಯಲ್ಲಿ ಬಂತು, ಆಸಿಡ್ ಬೇರೆ ಬಾಟಲಿಯಲ್ಲಿತ್ತು. ಸುರಿದು, ಅರ್ಧ ಗಂಟೆ ಬಿಟ್ಟು, ನಿಧಾನಕ್ಕೆ ಚಾರ್ಜ್ ಮಾಡಬೇಕು. 9 ಆಂಪಿಯರ್ ಅವರ್ ಸಾಮರ್ಥ್ಯದ ಬ್ಯಾಟರಿಗೆ 0.9 ಆಂಪಿಯರ್, ಅಂದರೆ ಹತ್ತನೇ ಒಂದು ಭಾಗ. ಈ ಮೊದಲ ಚಾರ್ಜ್ ತಪ್ಪಿಸಿ ನೇರ ಬೈಕಿಗೆ ಏರಿಸಿದರೆ ಬ್ಯಾಟರಿ ತನ್ನ ಪೂರ್ತಿ ಶಕ್ತಿಗೆ ಬರುವುದೇ ಇಲ್ಲ. ಆತುರದವರಿಗೆ ಹೇಳಿದ್ದಲ್ಲ ಇದು. ನಾನೂ ಆತುರದವನೇ, ಆದರೂ ಆವತ್ತು ಕಾದೆ.

ಕಾಟ ಏನು ಅಂದರೆ ನೀರು. ತಿಂಗಳಿಗೊಮ್ಮೆ ಸೀಟು ಬಿಚ್ಚಿ ಮಟ್ಟ ನೋಡಬೇಕು. ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಅಲ್ಲ. ಆವಿಯಾಗಿ ಹೋಗುವುದು ನೀರು, ಆಸಿಡ್ ಒಳಗೇ ಉಳಿಯುತ್ತದೆ. ಗಾಳಿ ಹೋಗುವ ಪೈಪನ್ನು ನಾನು ಒಮ್ಮೆ ಸರಿಯಾಗಿ ಇಳಿಬಿಡದೆ ಮುಚ್ಚಿಬಿಟ್ಟೆ. ಆಸಿಡ್ ಹಬೆ ತಾಗಿ ಪೆಟ್ಟಿಗೆಯ ಕೆಳಗಿನ ಫ್ರೇಮಿನ ಬಣ್ಣವೆಲ್ಲ ಎದ್ದುಬಂತು.

ಆದರೆ ಈ ಬ್ಯಾಟರಿಯಲ್ಲಿ ನನಗೆ ಇಷ್ಟವಾದ ಒಂದು ಗುಣವಿದೆ. ಇದು ಏನನ್ನೂ ಮುಚ್ಚಿಡುವುದಿಲ್ಲ. ಒಳಗೆ ಆರು ಮನೆಗಳಿವೆ, ಆಸಿಡ್ ಎಷ್ಟು ಸಾಂದ್ರ ಅಂತ ಅಳೆಯುವ ಹೈಡ್ರೋಮೀಟರ್ ಹಾಕಿ ಒಂದೊಂದನ್ನೂ ನೋಡಬಹುದು. ಪೂರ್ತಿ ಚಾರ್ಜ್ ಆಗಿದ್ದರೆ 1.26ರಿಂದ 1.28ರ ಆಸುಪಾಸು. ಐದು ಮನೆ ಸರಿಯಿದ್ದು ಒಂದು ಮಾತ್ರ ಕೆಳಗಿದ್ದರೆ ಕಥೆ ಮುಗಿಯಿತು ಅಂತ ವಾರಗಳ ಮೊದಲೇ ಗೊತ್ತಾಗುತ್ತದೆ. ಸಾಯುವುದೂ ನಿಧಾನಕ್ಕೆ: ಸೆಲ್ಫ್ ದಿನದಿಂದ ದಿನಕ್ಕೆ ಸೋಮಾರಿಯಾಗುತ್ತಾ ಹೋಗುತ್ತದೆ. ನನ್ನದಕ್ಕೆ ಕೊನೆ ಕೊನೆಗೆ ತುಂಬಾ ಬಾಯಾರಿಕೆ. ಹದಿನೈದು ದಿನಕ್ಕೇ ನೀರು ಕೇಳುತ್ತಿತ್ತು. ವಯಸ್ಸಾಯಿತು ಅಂದುಕೊಂಡು ಸುಮ್ಮನಾದೆ. ಅಲ್ಲೇ ನಾನು ಎಡವಿದ್ದು.

ಮುಂದೆ ಬಂದದ್ದು ಎಜಿಎಂ. ಇದರಲ್ಲೂ ಸೀಸ, ಆಸಿಡ್ಡೇ. ಆದರೆ ಆಸಿಡ್ ಗಾಜಿನ ನಾರಿನ ಹಾಸಿನೊಳಗೆ ಹೀರಿಕೊಂಡಿರುತ್ತದೆ. ಚೆಲ್ಲುವುದಿಲ್ಲ, ನೀರು ಹಾಕುವ ಹಾಗೂ ಇಲ್ಲ. ಬೈಕು ಬಿದ್ದರೂ ಆಸಿಡ್ ಸೋರುವ ಭಯವಿಲ್ಲ. ಮೊದಲ ದಿನವೇ ವ್ಯತ್ಯಾಸ ಕಂಡಿತು, ಎಂಜಿನ್ ಚುರುಕಾಗಿ ತಿರುಗಿತು. ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಮೀಟರ್ ಹಿಡಿದರೆ 12.8 ವೋಲ್ಟ್. ನೀರಿನದ್ದರಲ್ಲಿ 12.6 ಬಂದರೆ ಸಂತೋಷಪಡುತ್ತಿದ್ದೆ.

ಒಂದು ವರ್ಷವೂ ಆಗಿರಲಿಲ್ಲ. ಸಂಜೆ ಸರಿಯಾಗಿದ್ದ ಬ್ಯಾಟರಿ ಬೆಳಿಗ್ಗೆ ಸತ್ತಿತ್ತು. ಸೂಚನೆ ಇಲ್ಲ, ಸೋಮಾರಿತನ ಇಲ್ಲ. ಮಾಡಿದವರನ್ನು ಮನಸಾರೆ ಬೈದು ಇನ್ನೊಂದು ಎಜಿಎಂ ತಂದೆ. ಈ ಸಲ ಯಾಕೋ ಅನುಮಾನ ಬಂದು, ಎಂಜಿನ್ ಓಡುವಾಗಲೂ ಮೀಟರ್ ಹಿಡಿದೆ. ರೇಸ್ ಕೊಟ್ಟರೆ 15.4 ವೋಲ್ಟ್! ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಇರಬೇಕು. ಹಾಳಾಗಿದ್ದದ್ದು ಚಾರ್ಜಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್. ಹಳೇ ಬ್ಯಾಟರಿ ನೀರು ಕುಡಿಯುತ್ತಿದ್ದದ್ದೂ ಇದಕ್ಕೇ, ಅತಿಯಾದ ಚಾರ್ಜಿಗೆ ನೀರು ಹಾರಿಹೋಗುತ್ತಿತ್ತು. ಅದು ಬಾಯಿಬಿಟ್ಟು ಹೇಳಿತ್ತು, ನಾನು ಕೇಳಿರಲಿಲ್ಲ. ಎಜಿಎಂ ಬಾಯಿಮುಚ್ಚಿಕೊಂಡೇ ಸತ್ತಿತು. ಅದರ ನೀರು ಹಾರಿದರೆ ತುಂಬಿಸುವ ದಾರಿಯೂ ಇಲ್ಲ.

ಹಾಗಾಗಿ ಹೊಸ ಬ್ಯಾಟರಿ ಕೊಳ್ಳುವ ಮೊದಲು ಹಳೆಯದರ ಮೇಲೇ ಈ ಎರಡು ಅಳತೆ ಮಾಡಿಬಿಡಿ. ಎಂಜಿನ್ ಓಡುವಾಗ ಎಷ್ಟು ವೋಲ್ಟ್ ಬರುತ್ತಿದೆ ಅನ್ನುವುದು ಒಂದು. ಕೀ ಆಫ್ ಇದ್ದಾಗಲೂ ಬೈಕು ಎಷ್ಟು ಕರೆಂಟ್ ಎಳೆಯುತ್ತಿದೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೈನಸ್ ವೈರ್ ಬಿಚ್ಚಿ ನಡುವೆ ಮೀಟರ್ ಜೋಡಿಸಬೇಕು. ಆಗ ಅಪ್ಪಿತಪ್ಪಿ ಸೆಲ್ಫ್ ಒತ್ತಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಅನುಭವದ ಮಾತು. ನನ್ನ ಬೈಕಿಗೆ ಅಲಾರಂ ಇದೆ, 5 ಮಿಲಿಆಂಪಿಯರ್ ಎಳೆಯುತ್ತಿತ್ತು. ಏನು ಮಹಾ ಅನಿಸಿತ್ತು.

ಲಿಥಿಯಂ ತಂದಾಗ ಅದು ಮಹಾ ಅಂತ ಗೊತ್ತಾಯಿತು. ಪೆಟ್ಟಿಗೆ ಎತ್ತಿದವನಿಗೆ ಒಳಗೆ ಏನೂ ಇಲ್ಲವೇನೋ ಅನಿಸಿತು. ಹಳೆಯವು ಸುಮಾರು 3 ಕಿಲೋ, ಇದು ಒಂದು ಕಿಲೋಗೂ ಕಡಿಮೆ. ಗಾತ್ರವೂ ಚಿಕ್ಕದು, ಅಲುಗಾಡದಂತೆ ಸುತ್ತ ಸ್ಪಂಜ್ ತುರುಕಬೇಕಾಯಿತು. ಸೆಲ್ಫ್ ಅಂತೂ ಮುಟ್ಟಿದರೆ ಸಾಕು. ಬಿಸಿಲಿನ ದಿನಗಳಲ್ಲಿ ಇಷ್ಟು ಚೆನ್ನಾಗಿ ಮತ್ಯಾವುದೂ ಎಂಜಿನ್ ತಿರುಗಿಸಿಲ್ಲ.

ಆದರೆ ಇದರ ಮೇಲಿನ ಲೆಕ್ಕ ನೋಡಿ ಮೋಸಹೋಗಬೇಡಿ. ನನ್ನದರ ಮೇಲೆ 9 ಆಂಪಿಯರ್ ಅವರ್ ಅಂತ ದಪ್ಪ ಅಕ್ಷರದಲ್ಲಿತ್ತು. ಪಕ್ಕದಲ್ಲಿ ಸಣ್ಣದಾಗಿ, ಸೀಸದ ಬ್ಯಾಟರಿಗೆ ಸಮ ಎಂಬ ಮಾತು. ನಿಜವಾದ ಸಾಮರ್ಥ್ಯ ಸುಮಾರು 3. ಎಂಜಿನ್ ತಿರುಗಿಸುವ ಶಕ್ತಿಯಲ್ಲಿ ಸಮ ಇರಬಹುದು, ಕೂಡಿಟ್ಟ ಕರೆಂಟಿನಲ್ಲಿ ಅಲ್ಲ. ಲೆಕ್ಕ ಹಾಕಿ: 5 ಮಿಲಿಆಂಪಿಯರ್ ಅಂದರೆ ದಿನಕ್ಕೆ 0.12 ಆಂಪಿಯರ್ ಅವರ್. ತುಂಬಿದ ಎಜಿಎಂ ಖಾಲಿಯಾಗಲು 75 ದಿನ, ಈ ಲಿಥಿಯಂಗೆ 25 ದಿನ. ಪೂರ್ತಿ ಖಾಲಿಯಾಗುವ ಮೊದಲೇ ಸ್ಟಾರ್ಟ್ ಆಗುವುದು ನಿಲ್ಲುತ್ತದೆ ಬಿಡಿ. ನಾನು ಒಂದು ತಿಂಗಳು ಬೈಕು ಮುಟ್ಟದೆ ಬಿಟ್ಟಿದ್ದೆ. ಬಂದು ನೋಡಿದರೆ ಮೀಟರಿನಲ್ಲಿ ಸೊನ್ನೆ. ಒಳಗಿನ ಕಾವಲು ಸರ್ಕ್ಯೂಟ್ ತಾನಾಗಿ ಬಾಗಿಲು ಹಾಕಿಕೊಂಡಿತ್ತು. ಲಿಥಿಯಂ ಚಾರ್ಜರ್ ತಂದು ಎಬ್ಬಿಸಿದೆ. ಮನೆಯಲ್ಲಿದ್ದ ಹಳೇ ಚಾರ್ಜರಿಗೆ ಸೀಸದ ಬ್ಯಾಟರಿ ರಿಪೇರಿ ಮಾಡುವ ಒಂದು ಮೋಡ್ ಇದೆ, ಅದು ವೋಲ್ಟೇಜನ್ನು ತುಂಬಾ ಮೇಲಕ್ಕೆ ಒಯ್ಯುತ್ತದೆ. ಲಿಥಿಯಂಗೆ 14.6 ದಾಟಿದರೆ ಅಪಾಯ. ಆ ಹಾಳು ರೆಗ್ಯುಲೇಟರ್ ಇದ್ದಾಗಲೇ ಇದನ್ನು ಹಾಕಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಳ್ಳಲೂ ಇಷ್ಟವಿಲ್ಲ.

ಚಳಿಗೂ ಇದಕ್ಕೂ ಆಗಿಬರುವುದಿಲ್ಲ. ತಣ್ಣನೆಯ ಬೆಳಿಗ್ಗೆ ಮೊದಲ ಸಲ ಮುಲುಗುತ್ತದೆ. ಒಂದು ನಿಮಿಷ ಹೆಡ್‌ಲೈಟ್ ಹಾಕಿಟ್ಟರೆ ಒಳಗೆ ಬೆಚ್ಚಗಾಗಿ ಎರಡನೇ ಸಲ ಎದ್ದುಬಿಡುತ್ತದೆ. ನೋಡಿದವರು ನಗುತ್ತಾರೆ, ಸತ್ತ ಬ್ಯಾಟರಿಗೆ ಲೈಟ್ ಬೇರೆ ಅಂತ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಒಳಗೇ ಕೆಡುತ್ತದೆ, ಅದು ನಗುವ ವಿಷಯವಲ್ಲ. ಇನ್ನೊಂದು ತೊಂದರೆ, ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಹೇಳುವುದು ಕಷ್ಟ. ಮುಕ್ಕಾಲು ಭಾಗ ಇದ್ದರೂ 13ರ ಮೇಲೆ, ಕಾಲು ಭಾಗಕ್ಕೆ ಇಳಿದರೂ ಅಲ್ಲೇ ಹತ್ತಿರ.

ಈಗ ಬೈಕಿನಲ್ಲಿರುವುದು ಎಜಿಎಂ. ನಾನು ವಾರಕ್ಕೊಮ್ಮೆ ಓಡಿಸುವವನು, ಕೆಲವು ಸಲ ತಿಂಗಳೂ ಮುಟ್ಟುವುದಿಲ್ಲ. ದಿನಾ ಓಡುವ, ಅಲಾರಂ ಇಲ್ಲದ ಬೈಕಾಗಿದ್ದರೆ ಲಿಥಿಯಂ ಬಿಡುತ್ತಿರಲಿಲ್ಲ. ಕಿಕ್ಕರ್ ಇರುವ ಹಳೇ ಬೈಕಿಗೆ ನೀರಿನದ್ದೇ ಸಾಕು, ಸೀಟು ಬಿಚ್ಚಿ ನೋಡುವ ಅಭ್ಯಾಸ ಇದ್ದರೆ.

ಯಾವುದೇ ತಂದರೂ ಪ್ಲಸ್ ಯಾವ ಕಡೆ ಇದೆ ಅಂತ ಹಳೆಯದರ ಪಕ್ಕ ಇಟ್ಟು ನೋಡಿ. ಅಳತೆ ಸರಿಯಿದ್ದೂ ಟರ್ಮಿನಲ್ ಅದಲುಬದಲಾದರೆ ವೈರ್ ಮುಟ್ಟುವುದಿಲ್ಲ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಉಲ್ಟಾ ಮಾಡಿದರೆ, ಪ್ಲಸ್ ತಿರುಗಿಸುವ ಸ್ಪ್ಯಾನರ್ ಫ್ರೇಮಿಗೆ ತಾಗಿದ ಕ್ಷಣ ಕಿಡಿ ಹಾರುತ್ತದೆ. ನನ್ನ ಹತ್ತು ನಂಬರ್ ಸ್ಪ್ಯಾನರಿನ ತುದಿಯಲ್ಲಿ ಇನ್ನೂ ಆ ಕಚ್ಚು ಇದೆ.