ಬಳ್ಳಾರಿಯಲ್ಲಿ ಹಳೇ ವ್ಯಂಗ್ಯಚಿತ್ರ ಪ್ರಿಂಟ್ ಹಾಕಿಸುವವರಿಗೆ: ಚಿತ್ರದ ಕೆಳಗಿನ ಸಾಲು ಉಳಿಸಿಕೊಳ್ಳಿ

ರಾಯಲ್ ಸರ್ಕಲ್ ಕಡೆಯ ಒಂದು ಡಿಜಿಟಲ್ ಪ್ರಿಂಟಿಂಗ್ ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ. ಬೈಯೋದೂ ಇದೆ, ಹಾಗಾಗಿ ಹೆಸರು ಬೇಡ. ನಮ್ಮ ಕಾಲೇಜಿನ ಇತಿಹಾಸ ವಿಭಾಗದ ಪ್ರದರ್ಶನಕ್ಕೆ ಫ್ರೆಂಚ್ ಕ್ರಾಂತಿ ಕಾಲದ ವ್ಯಂಗ್ಯಚಿತ್ರಗಳು ಎ3 ಸೈಜಿನಲ್ಲಿ ಬೇಕಿದ್ದವು. ದೇಶ ಬಿಟ್ಟು ಓಡಿಹೋದ ಶ್ರೀಮಂತ ದೊರೆಗಳನ್ನು ಗೇಲಿ ಮಾಡುವಂಥವು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ಜಾಲತಾಣದಲ್ಲಿ ಇವು ಪುಕ್ಕಟೆ ಸಿಗುತ್ತವೆ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದೆ.

ಗೆರೆ ತುಂಬಾ ಚೆನ್ನಾಗಿ ಬಂದಿದೆ, ಅದನ್ನು ಒಪ್ಪಲೇಬೇಕು. ತಾಮ್ರದ ತಗಡಿನಲ್ಲಿ ಆಸಿಡ್‌ನಿಂದ ಕೊರೆದು ಅಚ್ಚು ಹಾಕಿ, ಆಮೇಲೆ ಕೈಯಲ್ಲಿ ಬಣ್ಣ ಬಳಿದ ಚಿತ್ರಗಳಿವು. ಸಣ್ಣ ಗೆರೆ ಜಾಸ್ತಿ, ಸಾಧಾರಣ ಪ್ರಿಂಟರ್‌ನಲ್ಲಿ ಮಸಿ ಕಲಸಿಹೋಗುತ್ತದೆ. ಇಲ್ಲಿ 'ಪೀಪಾಯಿ ಮಿರಾಬೋ'ನ ಹೊಟ್ಟೆಯ ಪಟ್ಟಿಗಳನ್ನೂ ಎಣಿಸಬಹುದು. ಈತ ಕ್ರಾಂತಿಯ ದೊಡ್ಡ ಭಾಷಣಕಾರ ಮಿರಾಬೋನ ತಮ್ಮ. ಕುಡುಕ, ಡೊಳ್ಳುಹೊಟ್ಟೆ, ಮೇಲೆ ಕಟ್ಟಾ ರಾಜಭಕ್ತ. 1790ರಲ್ಲಿ ದೇಶ ಬಿಟ್ಟು ಹೋಗಿ ಕ್ರಾಂತಿಯ ವಿರುದ್ಧ ದಂಡು ಕಟ್ಟಿದ. ಪ್ಯಾರಿಸ್ಸಿನವರು ಬಿಡ್ತಾರಾ? ಅವನ ಹೊಟ್ಟೆಯನ್ನೇ ವೈನ್ ಪೀಪಾಯಿ ಮಾಡಿ ಬರೆದರು.

ಕಂಪ್ಯೂಟರ್ ಮುಂದೆ ಕೂತ ಹುಡುಗ ಅದನ್ನು ನೋಡಿ, "ಸರ್, ಇವ್ರು ಯಾವ ಪಾರ್ಟಿ ಲೀಡರ್ರೀ?" ಅಂದ. ಸುಮ್ನೆ ಕೇಳಿದ್ದಲ್ಲ. ಚುನಾವಣೆ ಪೋಸ್ಟರ್ ಮೇಲೆ ಅಚ್ಚು ಹಾಕಿದವರ, ಹಾಕಿಸಿದವರ ಹೆಸರು ವಿಳಾಸ ಇರಲೇಬೇಕು, ತಪ್ಪಿದರೆ ಆರು ತಿಂಗಳವರೆಗೆ ಜೈಲಾಗಬಹುದು. ಆ ಪ್ಯಾರಿಸ್ ಚಿತ್ರಗಳಲ್ಲಿ ಎಷ್ಟಕ್ಕೋ ಬರೆದವನ ಹೆಸರೇ ಇಲ್ಲ! ಸತ್ತು ಇನ್ನೂರು ವರ್ಷದ ಮೇಲಾಯ್ತಪ್ಪಾ ಅಂತ ಹೇಳಿದ ಮೇಲೆ ಪ್ರಿಂಟ್ ಕೊಟ್ಟ.

ಸಿಟ್ಟು ಬಂದದ್ದು ಪ್ರಿಂಟ್ ಕೈಗೆ ಬಂದಾಗ. ಕೆಳಗಿನ ಅಂಚನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿಬಿಟ್ಟಿದ್ದಾರೆ, ಬರಹ ಪೂರ್ತಿ ಹೋಗಿದೆ. ಈ ಚಿತ್ರಗಳ ಕುಚೋದ್ಯ ಅರ್ಧಕ್ಕರ್ಧ ಅಲ್ಲೇ ಇರೋದು ಅಲ್ವಾ? 'ಕೊಂದೆ' (Condé) ಅನ್ನೋ ಫ್ರೆಂಚ್ ರಾಜಕುಮಾರನ ಚಿತ್ರವನ್ನೇ ನೋಡಿ. 1789ರಲ್ಲಿ ಪ್ಯಾರಿಸ್ಸಿನ ಬಾಸ್ಟಿಲ್ ಕೋಟೆ ಜನರ ಕೈಗೆ ಬಿದ್ದ ವಾರದೊಳಗೆ ದೇಶ ಬಿಟ್ಟವನು, ಆಮೇಲೆ ಜರ್ಮನಿ ಕಡೆ ವರ್ಮ್ಸ್‌ನಲ್ಲಿ ಕೂತು ಸೈನ್ಯ ಕಟ್ಟುತ್ತೇನೆ, ಪ್ಯಾರಿಸ್ಸಿಗೆ ಬರ್ತೀನಿ ಅಂತಿದ್ದ. ಚಿತ್ರದಲ್ಲಿ ಅವನ ಮುಂದೆ ಆಟದ ಸೈನಿಕರು ಸಾಲಾಗಿ ನಿಂತಿದ್ದಾರೆ. ಕೆಳಗೆ ಗಂಭೀರವಾಗಿ, ಸ್ಟ್ರಾಸ್‌ಬರ್ಗ್‌ನಿಂದ ಪಾರ್ಸೆಲ್ ಗಾಡಿಯಲ್ಲಿ ಬಂದ ಭಯಂಕರ ಸೈನ್ಯವನ್ನು ಪರಿಶೀಲಿಸುತ್ತಿದ್ದಾನೆ ಅಂತ ಬರೆದಿದ್ದಾರೆ. ಆ ಸಾಲು ತೆಗೆದರೆ ಉಳಿಯೋದು ಆಟಿಕೆ ಅಂಗಡಿ. 1791ರಲ್ಲಿ ಓಡಿಹೋಗಲು ನೋಡಿ ವರೆನ್ ಅನ್ನೋ ಊರಲ್ಲಿ ಸಿಕ್ಕಿಬಿದ್ದ ರಾಜನ ಮನೆಯವರನ್ನು ಹಂದಿಗಳಾಗಿಸಿ ಕೊಟ್ಟಿಗೆಗೆ ವಾಪಸ್ ತರುವ ಚಿತ್ರಕ್ಕೂ ಇದೇ ಗತಿ.

ಇನ್ನೊಂದು, ಕೇಳದೇನೇ ಬಣ್ಣ 'ಬ್ರೈಟ್' ಮಾಡಿದ್ದರು. ಹಳೇ ಕಾಗದದ ಹಳದಿ ಮಾಯ, ಮುಖಗಳು ಫ್ಲೆಕ್ಸ್ ಬ್ಯಾನರ್‌ನಲ್ಲಿರುವ ಹಾಗೆ ಗುಲಾಬಿ.

ಜಗಳ ಆಡಬೇಕಾಗಲಿಲ್ಲ. ಓನರ್ ತಾವೇ ಕೂತು, ಅಂಚು ಸಮೇತ ತಿರುಗಿ ಹಾಕಿಕೊಟ್ಟರು, ಕಾಗದದ ದುಡ್ಡಷ್ಟೇ ತಗೊಂಡರು. ಐದಕ್ಕೆ ಮೂರೂವರೆ ಸ್ಟಾರ್. ಹೋಗುವವರು 'ಕ್ರಾಪ್ ಬೇಡ, ಕಲರ್ ಮುಟ್ಟಬೇಡಿ' ಅಂತ ಚೀಟಿ ಬರೆದೇ ಕೊಡಿ, ಲ್ಯಾಮಿನೇಷನ್ ಮ್ಯಾಟ್‌ನಲ್ಲೇ ಮಾಡಿಸಿ, ಮದುವೆ ಸೀಸನ್ನಿನಲ್ಲಂತೂ ಬೆಳಿಗ್ಗೆಯೇ ಹೋಗಿ.