15 ಇಂಚಿನ ಆಕ್ಟಿವ್ ಸ್ಪೀಕರ್ ಬಾಕ್ಸ್ ಜೋಡಿ: ಐದು ವರ್ಷ ದುಡಿಸಿದ ಮೇಲೆ

ಐದಕ್ಕೆ ನಾಲ್ಕು ಅಂಕ. ಕಡಿಮೆಯಾದ ಒಂದು ಅಂಕ ಬಾಕ್ಸಿನದ್ದಲ್ಲ, ಸೆಟ್ಟಿನ ಜೊತೆ ಕೊಟ್ಟ ಸ್ಟ್ಯಾಂಡಿನದ್ದು.

ದಪ್ಪ ಸ್ವರಕ್ಕೆ 15 ಇಂಚಿನ ವೂಫರ್, ಸಣ್ಣ ಸ್ವರಕ್ಕೆ ಮೇಲೊಂದು ಹಾರ್ನ್, ಒಳಗೇ ಆಂಪ್ಲಿಫೈಯರ್, ಪ್ಲಾಸ್ಟಿಕ್ ಬಾಡಿ, ಒಂದೊಂದು 18 ಕೆಜಿ. ಧಾರವಾಡದ ಸಭಾಭವನ, ಹುಬ್ಬಳ್ಳಿ ಓಣಿಯ ಗಣಪತಿ ಪೆಂಡಾಲ್, ಗದಗ ಕಡೆಯ ಬಯಲಾಟ, ಹಾವೇರಿ ಜಿಲ್ಲೆಯ ಜಾತ್ರೆ ಎಲ್ಲಕ್ಕೂ ಹೋಗಿ ಬಂದಿವೆ. ಕಂಪನಿಯ ಹೆಸರು ಬೇಕಿಲ್ಲ, ಈ ದರ್ಜೆಯ ಯಾವ ಬಾಕ್ಸಿಗೂ ಇಲ್ಲಿ ಬರೆದದ್ದು ಹೊಂದುತ್ತದೆ. ಭಾಷಣ, ಭಜನೆ, ತಬಲಾ ಚಲೋ ಕೇಳಿಸುತ್ತವೆ. ಎದೆ ನಡುಗುವ ಬೇಸ್ ಬೇಕೆನ್ನುವವರು ಬೇಸಿಗೆಂದೇ ಇರುವ ಬೇರೆ ಸಬ್‌ ತರಬೇಕು. ಮೈಮೇಲೆ ಬರೆದಿರುವ 1000 ವ್ಯಾಟ್ ಕ್ಷಣಮಾತ್ರದ ಪೀಕ್ ಲೆಕ್ಕ. ಸತತವಾಗಿ ಸಿಗೋದು ಅದರ ಅರ್ಧ, ಕೆಲವೊಮ್ಮೆ ಇನ್ನೂ ಕಡಿಮೆ. ವ್ಯಾಟ್ ಇಮ್ಮಡಿಯಾದರೆ ಏರೋದು 3 ಡೆಸಿಬಲ್ ಮಾತ್ರ, ಬಯಲಿನಲ್ಲಿ ದೂರ ಇಮ್ಮಡಿಯಾದರೆ ಇಳಿಯೋದು 6 ಡೆಸಿಬಲ್. ದೊಡ್ಡ ಮೈದಾನಕ್ಕೆ ಹೆಚ್ಚು ವ್ಯಾಟಿನ ಬಾಕ್ಸ್ ಹುಡುಕೋದಕ್ಕಿಂತ ನಡುವೆ ಇನ್ನೊಂದು ಜೋಡಿ ನಿಲ್ಲಿಸಿ. 30 ಮೀಟರ್ ಮುಂದಿನ ಜೋಡಿಗೆ ಸುಮಾರು 87 ಮಿಲಿಸೆಕೆಂಡ್ ಡಿಲೇ ಕೊಡಬೇಕು (ಅಂದರೆ ಅದರ ಶಬ್ದ ಅಷ್ಟು ತಡವಾಗಿ ಹೊರಡಬೇಕು), ಇಲ್ಲಾಂದ್ರೆ ಹಿಂದೆ ಕೂತವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತದೆ.

ಈಗ ಸ್ಟ್ಯಾಂಡಿನ ವಿಷಯ. ಸೆಟ್ಟಿನ ಜೊತೆ ಬಂದದ್ದು ತೆಳು ಅಲ್ಯುಮಿನಿಯಂ, ಕಾಲು ಕೂಡುವ ಕಡೆ ಪ್ಲಾಸ್ಟಿಕ್ ಕೊರಳು. ಎರಡನೇ ವರ್ಷಕ್ಕೆ ಆ ಕೊರಳು ಸೀಳಿತು. ಬದಲಿಗೆ ತಂದದ್ದು 35 ಮಿಮೀ ಕಂಬದ ಉಕ್ಕಿನ ಸ್ಟ್ಯಾಂಡ್, ಕಂಬಕ್ಕೆ ಅಡ್ಡ ಪಿನ್ ಇರುವಂಥದ್ದು. ಆ ಪಿನ್ ಹಾಕದೆ ಬರೀ ತಿರುಪಿನ ಬಿಗಿ ನಂಬಿದರೆ ಬಾಕ್ಸ್ ರಾತ್ರಿಯಿಡೀ ಒಂದೊಂದೇ ಇಂಚು ಇಳಿಯುತ್ತದೆ.

ಗದಗ ಕಡೆ ಕೆಲಸವಿದ್ದರೆ ಗಾಳಿಯ ಲೆಕ್ಕ ಮೊದಲು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಬಾಕ್ಸಿನ ಮುಖ ಸುಮಾರು 0.3 ಚದರ ಮೀಟರ್. ಗಂಟೆಗೆ 50 ಕಿಮೀ ಗಾಳಿ ಅದರ ಮೇಲೆ 4 ಕೆಜಿಗೂ ಸ್ವಲ್ಪ ಹೆಚ್ಚು ಒತ್ತಡ ಹಾಕುತ್ತದೆ. ಬಾಕ್ಸ್ ನೆಲದಿಂದ 2 ಮೀಟರ್ ಮೇಲಿದ್ದರೆ ಬೀಳಿಸುವ ಬಲ ಎಂಟೂವರೆ ಕೆಜಿ-ಮೀಟರ್ (ಕೆಜಿಯನ್ನು ಮೀಟರಿನಿಂದ ಗುಣಿಸಿದ್ದು). ತಡೆಯೋದು ಯಾವುದು? ಬಾಕ್ಸ್, ಸ್ಟ್ಯಾಂಡ್ ಸೇರಿ 23 ಕೆಜಿ. ಕಾಲುಗಳು ನಡುವಿನಿಂದ 55 ಸೆಂಮೀ ಹರಡಿದ್ದರೂ, ಎರಡು ಕಾಲಿನ ನಡುವಿನ ದಿಕ್ಕಿಗೆ ವಾಲುವಾಗ ಆಸರೆ ಸಿಗೋದು ಅದರ ಅರ್ಧ, 27 ಸೆಂಮೀ. ಅಂದರೆ ಗುಣಿಸಿದರೆ ಆರು ಚಿಲ್ಲರೆ. ಎಂಟೂವರೆಯ ಎದುರು ಆರು ನಿಲ್ಲೋದಿಲ್ಲ, ಬಾಕ್ಸ್ ಬಿತ್ತು. ಅದಕ್ಕೇ ಒಂದು ಕಾಲನ್ನು ಗಾಳಿ ಬರುವ ಕಡೆಗೆ ಚಾಚಿ, 15 ಕೆಜಿ ಉಸುಕಿನ ಚೀಲವನ್ನು ಅದೇ ಕಾಲಿನ ತುದಿಗೆ ಕಟ್ಟಿ. ತಡೆಯುವ ಬಲ ಮೂರು ಪಟ್ಟು ಹತ್ತಿರ ಹೋಗುತ್ತದೆ. ಅದೇ ಚೀಲ ನಡುಗಂಬಕ್ಕೆ ಜೋತುಬಿಟ್ಟರೆ ಲಾಭ ಅದರ ಮೂರನೇ ಒಂದು ಭಾಗ ಮಾತ್ರ, ಹತ್ತೂವರೆಗೆ ನಿಲ್ಲುತ್ತದೆ. ‘ಏನಾಗಂಗಿಲ್ರಿ, ನಿಲ್ತೇತಿ’ ಅನ್ನುವ ಮಾತಿಗೆ ಮುನ್ನ ಈ ಲೆಕ್ಕ ಒಮ್ಮೆ ಹಾಕಿ ನೋಡಿ. ಗಾಳಿ ಜೋರಾದರೆ ಬಾಕ್ಸ್ ಇಳಿಸಿ ವೇದಿಕೆಯ ಅಂಚಿಗೇ ಇಡೋದು, ಅದಕ್ಕೆ ನಾಚಿಕೆ ಬೇಡ.

ನವಲಗುಂದ, ನರಗುಂದ, ರೋಣದ ಎರಿ (ಕಪ್ಪು ಮಣ್ಣಿನ) ಭೂಮಿ ಇನ್ನೊಂದು ಪಾಠ. ಒಣಗಿದಾಗ ಕಲ್ಲಿನಂತೆ, ಒಂದು ಮಳೆ ಬಿದ್ದರೆ ಬೆಣ್ಣೆ. ಪ್ರತಿ ಕಾಲಿನ ಕೆಳಗೆ ಒಂದು ಅಡಿ ಚೌಕದ ಪ್ಲೈವುಡ್ ತುಂಡು ಇಡಲೇಬೇಕು. ಹಾವೇರಿ ಕಡೆ ಹೋರಿ ಬೆದರಿಸುವ ಅಖಾಡದಲ್ಲಂತೂ ನೆಲದ ಮೇಲೆ ಸ್ಟ್ಯಾಂಡೇ ಬೇಡ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಬಾಕ್ಸ್ ಇಟ್ಟು ಬೆಲ್ಟಿನಿಂದ ಬಿಗಿಯಿರಿ. ತೂಗುಹಾಕುವವರಿಗೆ ಒಂದೇ ಮಾತು: ಹಿಡಿಕೆ ಎತ್ತಲಿಕ್ಕೆ ಮಾತ್ರ. ಬಾಕ್ಸಿನಲ್ಲಿ ತೂಗುಹಾಕಲೆಂದೇ ಕೊಟ್ಟ ಬೋಲ್ಟ್ ತೂತು ಇದ್ದರೆ ಅದಕ್ಕೆ ಭುಜವಿರುವ ಐಬೋಲ್ಟ್ ಹಾಕಿ, ಜೊತೆಗೆ ಬೇರೆ ಕಡೆಯಿಂದ ಒಂದು ಉಕ್ಕಿನ ಸೇಫ್ಟಿ ವೈರ್. ತೂತು ಇಲ್ಲದಿದ್ದರೆ ತೂಗುಹಾಕಬೇಡಿ.

ಐದು ವರ್ಷದಲ್ಲಿ ಅತಿ ದುಬಾರಿ ರಿಪೇರಿ ಆದದ್ದು ಪೆಂಡಾಲಿನ ನ್ಯೂಟ್ರಲ್ ಸಡಿಲವಾಗಿ. ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ಕಡಿದರೆ ಲೈಟಿನ ಲೋಡೂ ನಮ್ಮ ಲೋಡೂ 400 ವೋಲ್ಟಿಗೆ ಸರಣಿಯಾಗಿ ಕೂಡುತ್ತವೆ. ಕಡಿಮೆ ಕರೆಂಟ್ ಎಳೆಯುವ ಕಡೆ ವೋಲ್ಟೇಜ್ ಏರುತ್ತದೆ, ಆ ಕಡೆ ಇರೋದು ಸಾಮಾನ್ಯವಾಗಿ ನಮ್ಮ ಬಾಕ್ಸೇ. ಪವರ್ ಸಪ್ಲೈ ಕೆಪಾಸಿಟರ್ ಉಬ್ಬಿ ಸುಟ್ಟ ವಾಸನೆ ಬಂತು. ಪರೀಕ್ಷೆ ಸುಲಭ: ಮಲ್ಟಿಮೀಟರನ್ನು ನಮ್ಮ ಪ್ಲಗ್ಗಿಗೆ ಹಾಕಿಟ್ಟು ಪೆಂಡಾಲಿನ ದೊಡ್ಡ ಲೈಟುಗಳನ್ನು ಹಚ್ಚಲು ಹೇಳಿ. ನಮ್ಮ ವೋಲ್ಟೇಜ್ 230 ರಿಂದ ಸ್ವಲ್ಪ ಇಳಿದರೆ ಸಹಜ, ಏರಿದರೆ ನ್ಯೂಟ್ರಲ್ ಕೆಟ್ಟಿದೆ, ಬಾಕ್ಸ್ ಹಚ್ಚಬೇಡಿ. ಓವರ್‌ವೋಲ್ಟೇಜ್ ಕಟಾಫ್ ಒಂದು, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಒಂದು, ಎರಡನ್ನೂ ಡಬ್ಬಿಯಲ್ಲಿ ಕೂರಿಸಿ ಸೌಂಡಿಗೆ ಸ್ವಂತ ಬೋರ್ಡ್ ಮಾಡಿಕೊಳ್ಳಿ. ಜನರೇಟರ್ ಇದ್ದರೆ ಅದು ಹದಕ್ಕೆ ಬಂದ ಮೇಲೆ ಹಚ್ಚೋದು, ಡೀಸೆಲ್ ಮುಗಿಯುವ ಮೊದಲೇ ಆರಿಸೋದು.

ಎಕ್ಸ್‌ಟೆನ್ಷನ್ 2.5 ಚದರ ಮಿಮೀ ಮೂರು ಕೋರ್ ಇರಲಿ. 50 ಮೀಟರಿಗೆ 10 ಆಂಪಿಯರ್ ಎಳೆದರೆ ಇದರಲ್ಲಿ ಏಳೂವರೆ ವೋಲ್ಟ್ ಕಳೆದುಹೋಗುತ್ತದೆ, 1.5 ತಂತಿಯಲ್ಲಿ 12. ಡ್ರಮ್ಮಿನ ಕೇಬಲ್ ಪೂರ್ತಿ ಬಿಚ್ಚಿ ಹಾಕಿ. ಸುತ್ತಿಟ್ಟ ಕೇಬಲ್ ಬಿಸಿಯಾಗಿ ಒಳಗೇ ಕರಗಿದ್ದುಂಟು.

ಹಮ್ಮಿಂಗ್ ಬಂದರೆ ಪ್ಲಗ್ಗಿನ ಮೂರನೇ (ಅರ್ಥ್) ಪಿನ್ ಮುರಿಯುವ ಚಾಳಿ ಇಲ್ಲಿ ಇನ್ನೂ ಹೋಗಿಲ್ಲ. ಅರ್ಥ್ ಕಳೆದುಕೊಂಡ ಸೌಂಡ್ ಮಿಕ್ಸರಿನ ಮೈಕು ಗಾಯಕನ ತುಟಿಗೆ ತಾಗಿಯೇ ಇರುತ್ತದೆ, ಉಳಿದದ್ದು ಊಹಿಸಿಕೊಳ್ಳಿ. ಮಿಕ್ಸರ್ ಮತ್ತು ಬಾಕ್ಸ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟರೆ ಮುಕ್ಕಾಲು ಹಮ್ಮಿಂಗ್ ಹೋಗುತ್ತದೆ. ಉಳಿದರೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಸಿಗ್ನಲ್) ಕೇಬಲಿನ ಬಾಕ್ಸ್ ತುದಿಯಲ್ಲಿ 1ನೇ ಪಿನ್ನಿನ ಶೀಲ್ಡ್ ಮಾತ್ರ ಬಿಡಿಸಿ. 2 ಮತ್ತು 3 ಸಿಗ್ನಲ್ ಪಿನ್ನುಗಳು, ಅವನ್ನು ಮುಟ್ಟಬಾರದು. ಅಥವಾ ನಡುವೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಹಚ್ಚುವಾಗ ಮಿಕ್ಸರ್ ಮೊದಲು, ಬಾಕ್ಸ್ ಕೊನೆಗೆ, ಆರಿಸುವಾಗ ಉಲ್ಟಾ. ‘ಧಡ್’ ಶಬ್ದ ಕೇಳಿಸಿತೆಂದರೆ ಯಾರೋ ಈ ಸರದಿ ತಪ್ಪಿಸಿದ್ದಾರೆ.

ಮೂರನೇ ವರ್ಷ ಒಂದು ಹಾರ್ನಿನ ಡಯಾಫ್ರಾಮ್ (ಶಬ್ದ ಹುಟ್ಟಿಸುವ ತೆಳು ಪೊರೆ) ಸುಟ್ಟಿತು. ಕೆಂಪು ಲಿಮಿಟ್ ದೀಪ ಹತ್ತಿರಲಿಲ್ಲ, ಆದರೂ ಸುಟ್ಟಿತು. ಕಾರಣ: ಮಿಕ್ಸರ್ ಚಾನೆಲ್ ಕ್ಲಿಪ್ ಆಗುತ್ತಿತ್ತು (ಮಿತಿ ಮೀರಿ ಸಿಗ್ನಲಿನ ತಲೆ ಕತ್ತರಿಸುತ್ತಿತ್ತು), ಬಾಕ್ಸಿನ ಗೇನ್ ಕೆಳಗಿತ್ತು. ತಲೆ ಕತ್ತರಿಸಿದ ಸಿಗ್ನಲ್ ಒಳಗೆ ಬಂದರೆ ಅದು ಮೊದಲೇ ಕೆಟ್ಟದ್ದು ಅಂತ ಬಾಕ್ಸಿನ ಲಿಮಿಟರಿಗೆ ತಿಳಿಯೋದಿಲ್ಲ. ಅದರ ಹೆಚ್ಚಿನ ಆವರ್ತನದ ಶಕ್ತಿಯೆಲ್ಲ ಹಾರ್ನಿನ ಸಣ್ಣ ಕಾಯಿಲಿಗೆ ಹೋಗಿ ಕಾಯಿಸುತ್ತದೆ. ಬಾಕ್ಸಿನ ಮೈಕ್-ಲೈನ್ ಸ್ವಿಚ್ ಲೈನ್‌ಗೆ ಇರಲಿ, ಗೇನ್ ನಡುವೆ, ಮಿಕ್ಸರಿನ ಮೀಟರ್ ಸೊನ್ನೆಯ ಆಸುಪಾಸು. ಡಯಾಫ್ರಾಮ್ ಒಂದೇ ಬದಲಿಸಿದರೆ ಸಾಕು, ಇಡೀ ಡ್ರೈವರ್ ಬೇಕಿಲ್ಲ. ಹಳೆಯದನ್ನು ತೆಗೆದ ಮೇಲೆ ಮ್ಯಾಗ್ನೆಟ್ಟಿನ ಸಂದಿಗೆ ಮಡಚಿದ ಮಾಸ್ಕಿಂಗ್ ಟೇಪ್ ತೂರಿಸಿ ಸುತ್ತ ಎಳೆಯಿರಿ, ಕರಕಲು ಮತ್ತು ಕಬ್ಬಿಣದ ಪುಡಿ ಅಂಟಿಕೊಂಡು ಬರುತ್ತವೆ. ಒಂದು ಕಣ ಉಳಿದರೂ ಹೊಸದು ಕರಕರ ಅನ್ನುತ್ತದೆ.

ಏಪ್ರಿಲ್-ಮೇ ಬಿಸಿಲಿಗೆ ಹಿಂಬದಿಯ ಹೀಟ್‌ಸಿಂಕ್ ಮುಖ ಮಾಡಬೇಡಿ; ಕೈ ಇಡಲಾಗದಷ್ಟು ಕಾದು ಬಾಕ್ಸ್ ತಾನೇ ಬಂದಾಗುತ್ತದೆ. ಹಿಂದೆ ಒಂದು ಗೇಣು ಜಾಗ ಬಿಡಿ, ಪರದೆ ಮುಚ್ಚಬೇಡಿ. ಮಳೆ ಹನಿ ಬಿದ್ದರೆ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಹೊದಿಕೆ. ಹತ್ತಿಸಿಟ್ಟೇ ಪ್ಲಾಸ್ಟಿಕ್ ಮುಚ್ಚಿದರೆ ಒಳಗೆ ಬೆಂದುಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಧೂಳು, ಹತ್ತಿಯ ಎಳೆ ಜಾಲರಿ ಹಿಂದಿನ ಸ್ಪಂಜಿಗೆ ಹಿಡಿಯುತ್ತವೆ. ಆರು ತಿಂಗಳಿಗೊಮ್ಮೆ ಜಾಲರಿ ಬಿಚ್ಚಿ ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬ್ಲೋವರ್ ಗಾಳಿ ಕೋನಿಗೆ ನೇರ ಬೇಡ. ವೂಫರಿನ ಬೋಲ್ಟುಗಳನ್ನು ಎದುರು-ಬದುರಾಗಿ ಬಿಗಿ ಮಾಡಿ. ಆಮೇಲೆ ಫೋನಿನ ಟೋನ್ ಆ್ಯಪಿನಿಂದ 50 ರಿಂದ 200 ಹರ್ಟ್ಸ್ ವರೆಗೆ ಮೆಲ್ಲಗೆ ಏರಿಸುತ್ತ ಕೇಳಿ. ಗುಂಯ್ ಅನ್ನೋದು ಬಹುತೇಕ ಸಡಿಲ ಹಿಡಿಕೆ ಅಥವಾ ಜಾಲರಿಯ ಸ್ಕ್ರೂ.

ನಿಯಮದ ಮಾತು ಆಯೋಜಕರಿಗೂ ಹೇಳಿಡಿ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10 ರಿಂದ ಬೆಳಿಗ್ಗೆ 6 ರವರೆಗೆ ಬಯಲಿನಲ್ಲಿ ನಿಷೇಧ. ಹಬ್ಬಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ರಾತ್ರಿಯಿಡೀ ಆಟ ಆಡಿಸುವವರು ಇದನ್ನು ಮುಂಗಡ ಕೊಡುವ ಮೊದಲೇ ಬಗೆಹರಿಸಿಕೊಳ್ಳಬೇಕು. ಬಾಕ್ಸಿನ ಬಾಯಿಗೆ ಮಕ್ಕಳು ಕೂಡದಂತೆ ಎರಡು ಮೀಟರ್ ದೂರದಲ್ಲಿ ಹಗ್ಗ ಕಟ್ಟಿ.

ಗೋದಾಮಿನಲ್ಲಿ ಇಡುವಾಗ ಮುಂದಿನ ಗಾಳಿಕಂಡಿಯ ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿ. ಇಲಿ ಹೊಕ್ಕು ಒಳಗಿನ ಹತ್ತಿ ಕಿತ್ತು ಗೂಡು ಮಾಡಿದರೆ ಕಾಯಿಲಿನ ತಂತಿಯನ್ನೂ ಬಿಡೋದಿಲ್ಲ, ಅದಕ್ಕೆ ವಾರಂಟಿಯೂ ಇಲ್ಲ.