‘ಅಸಲಿ ಐಸ್, ಲೈವ್ ಬ್ಯಾಂಡ್’ ಟಿಕೆಟ್ ಕೊಳ್ಳುವ ಮುಂಚೆ ಪೆಂಡಾಲಿನ ಹಿಂದೆ ಹೋಗಿ ನೋಡಿ

ದಾವಣಗೆರೆಯ ಮೈದಾನವೊಂದರಲ್ಲಿ ಈ ಬೇಸಿಗೆಯಲ್ಲಿ ನಾಲ್ಕು ದಿನ ನಡೆದ ಐಸ್ ಸ್ಕೇಟಿಂಗ್ ಶೋ ಮೊದಲ ದಿನ ಕೆಸರಾಯಿತು, ಎರಡನೇ ದಿನದಿಂದ ಪ್ಲಾಸ್ಟಿಕ್ ಆಯಿತು. ಟಿಕೆಟ್ ದರ ಮಾತ್ರ ನಾಲ್ಕೂ ದಿನ ಒಂದೇ: 499 ರೂಪಾಯಿ, ಮೇಲೆ ತೆರಿಗೆ. ಫ್ಲೆಕ್ಸ್‌ನಲ್ಲಿ ಹೇಳಿದ್ದು ಮೂರು: ಅಸಲಿ ಐಸ್, ವಿದೇಶಿ ಸ್ಕೇಟರ್‌ಗಳು, ಲೈವ್ ಬ್ಯಾಂಡ್. ಮೂರರಲ್ಲಿ ಸ್ಕೇಟರ್‌ಗಳಷ್ಟೇ ನಿಜ. ಪಾಪ, ಅವರದೇನೂ ತಪ್ಪಿಲ್ಲ. ಅದೇ ತಂಡದ ಫ್ಲೆಕ್ಸ್ ಈಗ ಚಿತ್ರದುರ್ಗದಲ್ಲೂ ಕಾಣಿಸಿಕೊಂಡಿರುವುದರಿಂದ, ಎಲ್ಲಿ ಕೆಟ್ಟಿತು, ಟಿಕೆಟ್ ಕೊಳ್ಳದೆ ಹೊರಗಿನಿಂದಲೇ ಅದನ್ನು ಹೇಗೆ ಗುರುತಿಸಬಹುದಿತ್ತು ಎಂಬುದನ್ನು ಬಿಡಿಸಿ ಬರೆದಿದ್ದೇವೆ.

ಐಸ್ ಕ್ಯಾಂಡಿ ಮಾಡುವಲ್ಲಿ ಉಪ್ಪುನೀರಿನ ತೊಟ್ಟಿ ಇರುತ್ತದಲ್ಲ, ಊರೂರು ತಿರುಗುವ ರಿಂಕ್, ಅಂದರೆ ಐಸ್ ಅಂಕಣ, ಕೂಡ ಅದೇ ಲೆಕ್ಕ. ಉಪ್ಪುನೀರಿನ ಬದಲು, ಸೊನ್ನೆ ಡಿಗ್ರಿಯ ಕೆಳಗೂ ಹೆಪ್ಪುಗಟ್ಟದಂತೆ ಗ್ಲೈಕಾಲ್ ಎಂಬ ದ್ರವ ಬೆರೆಸಿದ ನೀರು, ಅಚ್ಚುಗಳ ಬದಲು ನೆಲದ ಮೇಲೆ ಹಾಸಿದ ಸಣ್ಣ ಪೈಪುಗಳ ಮ್ಯಾಟು. ನೆಲವನ್ನು ಮಟ್ಟ ಮಾಡಿ, ಥರ್ಮಾಕೋಲ್ ಥರದ ಇನ್ಸುಲೇಷನ್ ಹಲಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮ್ಯಾಟು. ಸುಮಾರು −10 ಡಿಗ್ರಿಯ ಗ್ಲೈಕಾಲ್ ಪೈಪಿನಲ್ಲಿ ಹರಿಯಲು ಶುರುವಾದ ಮೇಲೆ ನೀರು ಚಿಮುಕಿಸುತ್ತಾರೆ. ಒಂದೇ ಸಲ ಸುರಿಯುವಂತಿಲ್ಲ. ಎರಡು ಮೂರು ಮಿ.ಮೀ. ಹೆಪ್ಪುಗಟ್ಟಬೇಕು, ಆಮೇಲೆ ಇನ್ನೊಂದು ಪದರ. ಹೀಗೆ ಒಂದೂವರೆ ಇಂಚು ದಪ್ಪ ಏಳಬೇಕಾದರೆ ನಮ್ಮ ಬಿಸಿಲಿನಲ್ಲಿ ಎರಡು ಹಗಲು, ಎರಡು ರಾತ್ರಿ ಬೇಕೇ ಬೇಕು. ಇಲ್ಲಿ ಲಾರಿ ಬಂದದ್ದು ಹಿಂದಿನ ದಿನ ಸಂಜೆ, ಮೊದಲ ಆಟ ಮರುದಿನ ಸಂಜೆ ಆರಕ್ಕೆ. ಮೈದಾನದ ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರಿಗೂ ಇಷ್ಟು ಕಂಡಿತ್ತು.

ಲೆಕ್ಕವನ್ನೂ ಹಾಕಿಬಿಡೋಣ. 60 ಅಡಿ ಉದ್ದ, 40 ಅಡಿ ಅಗಲದ ಅಂಕಣಕ್ಕೆ ಒಂದೂವರೆ ಇಂಚಿನ ಐಸ್ ಎಂದರೆ ಸುಮಾರು 7,800 ಲೀಟರ್ ನೀರು. 30 ಡಿಗ್ರಿಯ ನೀರನ್ನು ಐಸ್ ಮಾಡಲು ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 1,000 ಯೂನಿಟ್‌ನಷ್ಟು ಶಾಖ ತೆಗೆಯಬೇಕು. ಇದು ಬರೀ ಹೆಪ್ಪುಗಟ್ಟಿಸಲು. ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಬೇಸಿಗೆಯ ಪೆಂಡಾಲಿನಲ್ಲಿ ಚದರ ಮೀಟರಿಗೆ 350 ವಾಟ್ ಶಾಖ ಬೀಳುತ್ತದೆ ಎಂದಿಟ್ಟುಕೊಂಡರೂ ಇಡೀ ಅಂಕಣಕ್ಕೆ 78 ಕಿಲೋವಾಟ್, ಅಂದರೆ 22 ಟನ್ (ತೂಕವಲ್ಲ, ಏಸಿಗೆ ಹೇಳುವ ತಂಪಿನ ಟನ್) ಯಂತ್ರ ನಿಲ್ಲದೆ ಓಡುತ್ತಲೇ ಇರಬೇಕು. ಇವರು ತಂದದ್ದು 20 ಟನ್ ಎಂದು ಬರೆದಿದ್ದ ಒಂದೇ ಚಿಲ್ಲರ್ (ದ್ರವ ತಣಿಸುವ ಯಂತ್ರ), ಅದೂ ಏಸಿಗೆ ಬಳಸುವಂಥದ್ದು. ಅದರ ಮೇಲೆ ಬರೆದ ಟನ್ ನೀರನ್ನು 7 ಡಿಗ್ರಿಗೆ ತಣಿಸುವಾಗಿನ ಲೆಕ್ಕ. −10ಕ್ಕೆ ಎಳೆದರೆ ಅದು ಅರ್ಧಕ್ಕೆ ಬಂದು ಕೂರುತ್ತದೆ. ಹತ್ತು ಟನ್ನಿನ ಎತ್ತಿಗೆ ಇಪ್ಪತ್ತೆರಡು ಟನ್ನಿನ ನೊಗ ಕಟ್ಟಿದ ಹಾಗೆ.

ಮೇಲ್ಛಾವಣಿಯೂ ಕೈಕೊಟ್ಟಿತು. ಐಸ್ ಕರಗಿಸುವುದು ಗಾಳಿಯ ಬಿಸಿ ಒಂದೇ ಅಲ್ಲ. ಕಾದ ತಗಡು ಮೇಲಿಂದ ನೇರವಾಗಿ ಐಸ್ ಮೇಲೆ ಝಳ ಕಾರುತ್ತದೆ. ಒಳ್ಳೆಯ ರಿಂಕ್‌ಗಳಲ್ಲಿ ತಗಡಿನ ಕೆಳಗೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಕಟ್ಟುವುದು ಇದಕ್ಕೇ. ಇಲ್ಲಿ ಕಟ್ಟಿದ್ದು ಮದುವೆ ಪೆಂಡಾಲಿನ ಬಣ್ಣದ ಬಟ್ಟೆ. ಜೊತೆಗೆ ಸಾವಿರ ಜನರ ಉಸಿರಿನ ತೇವ. ಅದು ಐಸ್ ಮೇಲೆ ನೀರಾಗಿ ಇಳಿಯುವಾಗ ತನ್ನ ಶಾಖವನ್ನೂ ಅಲ್ಲೇ ಬಿಟ್ಟುಹೋಗುತ್ತದೆ.

ಫಿಗರ್ ಸ್ಕೇಟಿಂಗ್‌ಗೆ ಐಸ್ ಮೇಲ್ಮೈ −3ರಿಂದ −4 ಡಿಗ್ರಿ ಇದ್ದರೆ ಚೆನ್ನ. ಬ್ಲೇಡಿನ ತಳ ಚಪ್ಪಟೆಯಲ್ಲ, ನಡುವೆ ಸಣ್ಣ ತೋಡು ಇರುತ್ತದೆ. ಆ ತೋಡಿನ ಎರಡು ಅಂಚುಗಳಲ್ಲಿ ಒಂದು ಐಸನ್ನು ಕಚ್ಚಿ ಹಿಡಿದರೇನೇ ತಿರುವು, ನೆಗೆತ. ಮೊದಲ ದಿನ ಏಳು ಗಂಟೆ ಹೊತ್ತಿಗೆ ಗ್ಲೈಕಾಲ್ ಒಳಬರುವ ಬದಿ ಗಟ್ಟಿ, ಅದು ಬಿಸಿಯಾಗಿ ಹೊರಹೋಗುವ ಬದಿ ಗೋಲಾ ಅಂಗಡಿಯ ಪುಡಿ ಐಸ್. ಸರಿಯಾದ ಮ್ಯಾಟಿನಲ್ಲಿ ಹೋಗುವ ಪೈಪು, ಬರುವ ಪೈಪು ಅಕ್ಕಪಕ್ಕ ಇರುತ್ತವೆ, ಹಾಗಾಗಿ ತಂಪು ಎಲ್ಲ ಕಡೆ ಸಮ. ಇದರಲ್ಲಿ ಹಾಗಿರಲಿಲ್ಲ. ಸ್ಕೇಟರ್ ಒಬ್ಬಾಕೆ ಗಟ್ಟಿ ಬದಿಯಿಂದ ಓಡಿಬಂದು, ನೆಗೆಯಲೆಂದು ಬ್ಲೇಡಿನ ಮುಂತುದಿಯ ಹಲ್ಲನ್ನು ಮೆತ್ತನೆ ಬದಿಯಲ್ಲಿ ಊರಿದಾಗ ಅಂಗೈಯಗಲದ ತುಂಡು ಕಿತ್ತುಬಂತು, ಕೆಳಗಿನ ಕಪ್ಪು ಪೈಪು ಕಾಣಿಸಿತು. ಆಕೆ ಮಂಡಿಯೂರಿ ಬಿದ್ದರು. ಅಲ್ಲಿಗೆ ಆಟ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಮರುದಿನ ಹಾಸಿದ್ದು ಸಿಂಥೆಟಿಕ್ ಐಸ್. ಹೆಸರು ಹಾಗೆ, ವಸ್ತು ಪಾಲಿಥಿನ್ ಹಲಗೆ, ಅಂಚಿಗೆ ಅಂಚು ಸಿಕ್ಕಿಕೊಂಡು ಕೂರುವಂಥದ್ದು. ಅಭ್ಯಾಸಕ್ಕೆ ಇದು ತಪ್ಪೇನಲ್ಲ. ಆದರೆ ಜಾರಿಕೆ ಕಡಿಮೆ, ಬ್ಲೇಡಿನ ಅಂಚು ಬೇಗ ಮೊಂಡಾಗುತ್ತದೆ, ದೊಡ್ಡ ನೆಗೆತ, ವೇಗದ ಗಿರಕಿ ಕಷ್ಟ. ಆದ್ದರಿಂದ ಎರಡನೇ ದಿನದಿಂದ ಕೈ ಬೀಸುವುದು, ಸಾಲಾಗಿ ಸುತ್ತುವುದು ಇಷ್ಟೇ ಆಯಿತು. ಗುರುತಿಸುವುದು ಸುಲಭ: ಮುಂದಿನ ಸಾಲಿನಲ್ಲಿ ಕೂತರೆ ಕಾಲಿಗೆ ತಂಪು ಬಡಿಯುವುದಿಲ್ಲ, ಚೌಕ ಚೌಕದ ಗೆರೆ ಕಾಣುತ್ತದೆ, ಬ್ಲೇಡ್ ಹೋದ ಕಡೆ ಏಳುವ ಬಿಳಿ ಪುಡಿ ಬೆರಳಲ್ಲಿ ಉಜ್ಜಿದರೆ ಕರಗುವುದಿಲ್ಲ.

ಇನ್ನು ಬ್ಯಾಂಡ್. ಸ್ಪರ್ಧೆಗಳಲ್ಲಿ ಸ್ಕೇಟರ್‌ಗಳು ಆಡುವುದು ರೆಕಾರ್ಡಿಗೇ. ಹಾಗಾಗಿ ರೆಕಾರ್ಡ್ ಹಾಕಿದ್ದು ಮೋಸವಲ್ಲ, ರೆಕಾರ್ಡ್ ಹಾಕಿ ಲೈವ್ ಎಂದದ್ದು ಮೋಸ. ಐಸ್ ಮೇಲೆ ಲೈವ್ ನುಡಿಸುವುದು ಕಷ್ಟದ ಕೆಲಸ. ದೊಡ್ಡ ನೆಗೆತದಲ್ಲಿ ಗಾಳಿಯಲ್ಲಿರುವ ಹೊತ್ತು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟರೊಳಗೆ ತಾಳ ಸರಿಯಾಗಿ ಬಂದು ಬೀಳಬೇಕು. ಶಬ್ದ 12 ಮೀಟರ್ ದಾಟಲು 35 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ತಡ ತಪ್ಪಿಸಲು ಸ್ಕೇಟರ್‌ಗೆಂದೇ ಅಂಕಣದ ಅಂಚಿನಲ್ಲಿ ಮಾನಿಟರ್ ಸ್ಪೀಕರ್ ಇಡಬೇಕು. ಸ್ಕೇಟರ್ ಬಿದ್ದರೆ ನಿಜವಾದ ಬ್ಯಾಂಡ್ ಅದೇ ಸಾಲನ್ನು ಇನ್ನೊಂದು ಸುತ್ತು ಎಳೆದು ಕಾಯುತ್ತದೆ. ಕಂಪನಿ ನಾಟಕದ ಹಾರ್ಮೋನಿಯಂ ಮೇಷ್ಟ್ರು ನಟ ಮಾತು ಮರೆತಾಗ ಮಾಡುವುದೂ ಇದನ್ನೇ. ಇಲ್ಲಿ ಆಕೆ ಬಿದ್ದಾಗ ಹಾಡು ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಬಣ್ಣ ಪೂರ್ತಿ ಬಯಲಾದದ್ದು ಜನರೇಟರ್‌ನಿಂದ. ಚಿಲ್ಲರ್‌ಗೂ ಸೌಂಡಿಗೂ ಒಂದೇ ಜನರೇಟರ್ ಇಟ್ಟಿದ್ದರು. ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಕರೆಂಟನ್ನು ಹಲವು ಪಟ್ಟು ಎಳೆಯುತ್ತದೆ, ವೋಲ್ಟೇಜ್ ಕುಸಿದು ಆಂಪ್ಲಿಫೈಯರ್ ಆಫ್. ಆ ಮೌನದಲ್ಲಿ ಡ್ರಮ್ಮರ್ ಕೈ ಇನ್ನೂ ಎರಡು ಪೆಟ್ಟು ಹೊಡೆಯಿತು. ಡ್ರಮ್ಮಿಗೆ ಕರೆಂಟ್ ಬೇಕಿಲ್ಲ, ಗುಡುಗಬೇಕಿತ್ತು. ಕೇಳಿದ್ದು ರಬ್ಬರ್ ಪ್ಯಾಡಿನ ಟಪ್, ಟಪ್. ಕರೆಂಟ್ ಬಂದಾಗ ಲ್ಯಾಪ್‌ಟಾಪಿನಲ್ಲಿದ್ದ ಹಾಡು ಎರಡು ಸಾಲು ಮುಂದೆ ಹೋಗಿತ್ತು, ಗಾಯಕರ ತುಟಿ ಹಿಂದೆಯೇ ಇತ್ತು.

ಆದ್ದರಿಂದ ಚಿತ್ರದುರ್ಗದವರು ಆಟದ ದಿನ ಮಧ್ಯಾಹ್ನ ಪೆಂಡಾಲಿನ ಹಿಂಬದಿಗೆ ಒಂದು ಸುತ್ತು ಹೋಗಿಬನ್ನಿ. ಚಿಲ್ಲರ್ ಎರಡಾದರೂ ಇರಬೇಕು, ಜನರೇಟರ್ ಬೇರೆ ಬೇರೆ ಇರಬೇಕು, ಅಂಕಣಕ್ಕೆ ಹೋಗುವ ದಪ್ಪ ಪೈಪಿನ ಕೀಲುಗಳ ಮೇಲೆ ಬೆಳ್ಳಗೆ ಮಂಜು ಹೆಪ್ಪುಗಟ್ಟಿರಬೇಕು. ಬರೀ ಒದ್ದೆಯಾಗಿದ್ದರೆ ಒಳಗೆ ಐಸ್ ನಿಲ್ಲುವುದಿಲ್ಲ. ಬ್ಯಾಂಡ್ ನಿಜವಾದರೆ ಆಟಕ್ಕೆ ಎರಡು ಮೂರು ತಾಸು ಮುಂಚೆ ಸೌಂಡ್ ಚೆಕ್ ಕೇಳಿಸುತ್ತದೆ: ಡ್ರಮ್ಮಿನ ಒಂದೊಂದೇ ಭಾಗ, ಆಮೇಲೆ ಒಬ್ಬೊಬ್ಬರ ಮೈಕು.

ಟಿಕೆಟ್ಟನ್ನೂ ನೋಡಿ. ಸರ್ಕಸ್, ನೃತ್ಯ, ನಾಟಕ, ಸಂಗೀತ ಕಾರ್ಯಕ್ರಮಗಳಿಗೆ ತಲೆಗೆ 500 ರೂಪಾಯಿ ಮೀರದ ಪ್ರವೇಶಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಇವರು 499ರ ಮೇಲೆ 18 ಪರ್ಸೆಂಟ್ ಸೇರಿಸಿ 589 ಕಿತ್ತರು. ಟಿಕೆಟ್‌ನಲ್ಲಿ ಜಿಎಸ್‌ಟಿ ನಂಬರ್ ಇಲ್ಲ, ವಿಳಾಸ ಇಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಿದರೆ ಬರುವುದು ಯಾರದೋ ಸ್ವಂತ ಹೆಸರು. ಈಗಾಗಲೇ ದುಡ್ಡು ಕೊಟ್ಟವರು ಟಿಕೆಟ್, ಯುಪಿಐ ರಸೀದಿ, ಫ್ಲೆಕ್ಸ್‌ನ ಫೋಟೋ, ನೆಲದ ವಿಡಿಯೋ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು.

ಮೈದಾನದ ಸುತ್ತ ಮನೆ ಇರುವವರಿಗೆ ಇನ್ನೊಂದು ಮಾತು. ಮ್ಯಾಟು ಸುತ್ತುವಾಗ ಪೈಪಿನಲ್ಲಿದ್ದ ದ್ರವವನ್ನು ನೆಲಕ್ಕೇ ಬಿಟ್ಟು ಹೋಗಿದ್ದಾರೆ. ಅದು ಎಥಿಲಿನ್ ಗ್ಲೈಕಾಲ್ ಆಗಿದ್ದರೆ ವಿಷ, ರುಚಿ ಮಾತ್ರ ಸಿಹಿ. ನಾಯಿ, ದನ ನೆಕ್ಕಿಬಿಡುತ್ತವೆ, ಮಕ್ಕಳು ಕೈ ಅದ್ದುತ್ತಾರೆ. ಅಂಟಂಟಾದ ಗುಂಡಿ ಕಂಡರೆ ಮಣ್ಣು ಮುಚ್ಚಿ, ಪಾಲಿಕೆಗೆ ಫೋನ್ ಮಾಡಿ, ಅಲ್ಲಿಯವರೆಗೆ ದನ ಬಿಡಬೇಡಿ.